ಪರದೆಯ ಹಿಂದಿನ ನೋವು: ಚೀನೀ ವೈದ್ಯ ಪದ್ಧತಿ ಕಂಡಂತೆ



ಈ ದಿನ ಮಾತಿಗೆ ಆರಿಸಿಕೊಂಡಿರುವ ವಿಷಯ ಸ್ವಲ್ಪ ಸಂಕೋಚದ್ದು. ಗಂಡು ಹೆಣ್ಣಿನ ದೇಹಸಂಪರ್ಕದ ವೇಳೆಯಲ್ಲಿ ಕೆಲವು ಹೆಂಗಸರಿಗೆ ತೀವ್ರವಾದ ನೋವು ಕಾಣಿಸಿಕೊಳ್ಳುತ್ತದೆ. ಚೀನಾ ದೇಶದ ಸಾಂಪ್ರದಾಯಿಕ ವೈದ್ಯರು ಆ ನೋವನ್ನು ಹೇಗೆ ಅರ್ಥಮಾಡಿಕೊಂಡರು, ಅದರಲ್ಲಿ ಇಂದಿಗೂ ನಿಲ್ಲುವ ಮಾತು ಯಾವುದು, ನಿಲ್ಲದ ಮಾತು ಯಾವುದು ಎಂಬುದನ್ನು ನೋಡೋಣ. ಶಾಲಾ ಕಾಲೇಜಿನವರಿಗೆ ಈ ವಿಷಯವೇಕೆ ಎಂದು ಹಿರಿಯರು ಯಾರಾದರೂ ಕೇಳಬಹುದು. ನಾಳೆ ನಿಮ್ಮಲ್ಲಿ ಕೆಲವರು ಡಾಕ್ಟರಾಗುತ್ತೀರಿ, ನರ್ಸ್ ಆಗುತ್ತೀರಿ. ಬಹುಪಾಲು ಮಂದಿ ಗಂಡನೋ ಹೆಂಡತಿಯೋ ಆಗುತ್ತೀರಿ. ದೇಹದ ನೋವನ್ನು ಹೇಳುವುದಕ್ಕೂ ಕೇಳುವುದಕ್ಕೂ ಬೇಕಾದ ಮಾತು ಆಗ ಒಮ್ಮೆಲೇ ಬಾಯಿಗೆ ಬರುವುದಿಲ್ಲ. ಅದನ್ನು ಮೊದಲೇ ಕಲಿತಿರಬೇಕು.

ಚೀನೀ ವೈದ್ಯದ ಮೂಲ ಗ್ರಂಥವೆಂದು ಎಣಿಸುವ ‘ಹುವಾಂಗ್‌ದಿ ನೇಜಿಂಗ್’ ಸುಮಾರು 2000 ವರ್ಷಗಳ ಹಿಂದೆ ಒಟ್ಟುಗೂಡಿದ್ದು. ಅದರಲ್ಲಿ ನೋವಿನ ಬಗೆಗೇ ಒಂದು ಅಧ್ಯಾಯವಿದೆ. ಚೀನೀ ವೈದ್ಯರ ಪ್ರಕಾರ ದೇಹದಲ್ಲಿ ‘ಚೀ’ ಎಂಬ ಪ್ರಾಣಶಕ್ತಿಯೂ ರಕ್ತವೂ ಕಾಲುವೆಗಳಂಥ ದಾರಿಗಳಲ್ಲಿ ಸದಾ ಹರಿಯುತ್ತಿರಬೇಕು. ಕಾಲುವೆಯಲ್ಲಿ ಕಸ ಸಿಕ್ಕಿಕೊಂಡರೆ ನೀರು ನಿಲ್ಲುವ ಹಾಗೆ, ಶೀತದಿಂದಲೋ ಚಿಂತೆಯಿಂದಲೋ ಪೆಟ್ಟಿನಿಂದಲೋ ಈ ಹರಿವು ನಿಂತರೆ ಅಲ್ಲಿ ನೋವು ಹುಟ್ಟುತ್ತದೆ. ಹರಿವು ಸರಾಗವಾದರೆ ನೋವು ಹೋಗುತ್ತದೆ. ಇದರ ಜೊತೆಗೆ ಇನ್ನೊಂದು ವಿವರಣೆಯೂ ಅವರಲ್ಲಿದೆ. ಹರಿವಿಗೆ ಅಡ್ಡಿಯಿಲ್ಲದಿದ್ದರೂ ಪೋಷಣೆ ಸಾಲದೆ ಅಂಗ ಒಣಗಿದರೆ ಆಗಲೂ ನೋವು ಬರುತ್ತದೆ. ಕಟ್ಟಿಕೊಂಡ ನೋವು ಒಂದು, ಬತ್ತಿದ ನೋವು ಇನ್ನೊಂದು.

ಈ ಎರಡು ಸೂತ್ರಗಳನ್ನು ಹಿಡಿದುಕೊಂಡು ನಮ್ಮ ವಿಷಯಕ್ಕೆ ಬರೋಣ. ಸಂಪರ್ಕದ ವೇಳೆ ನೋವು ಎಂದು ಐದು ಜನ ಹೆಂಗಸರು ಬಂದರೆ ಚೀನೀ ವೈದ್ಯರು ಐವರಿಗೂ ಒಂದೇ ಮದ್ದು ಕೊಡುವುದಿಲ್ಲ. ಮೊದಲನೆಯವರಿಗೆ ಕಿಬ್ಬೊಟ್ಟೆ ಹಿಂಡಿದಂತಾಗುತ್ತದೆ, ಬಿಸಿನೀರಿನ ಚೀಲ ಇಟ್ಟರೆ ಹಾಯೆನಿಸುತ್ತದೆ. ಗರ್ಭಕೋಶದಲ್ಲಿ ಶೀತ ಸೇರಿದೆ ಎಂದು ವೈದ್ಯರು ಹೇಳುತ್ತಾರೆ. ಎರಡನೆಯವರಿಗೆ ಮನಸ್ಸಿಗೆ ಬೇಸರವಾದಾಗಲೆಲ್ಲ ನೋವು ಹೆಚ್ಚು, ಮುಟ್ಟಿಗೆ ಮುಂಚೆ ಎದೆ ಬಿಗಿಯುತ್ತದೆ, ನಿಟ್ಟುಸಿರು ಬರುತ್ತದೆ. ಯಕೃತ್ತಿನ ಚೀ ಕಟ್ಟಿದೆ ಎಂದು ಹೆಸರು. ಮೂರನೆಯವರಿಗೆ ಒಂದೇ ಜಾಗದಲ್ಲಿ ಚುಚ್ಚಿದಂತೆ ನೋವು, ಮುಟ್ಟಿನ ರಕ್ತ ಕಪ್ಪಾಗಿ ಗಡ್ಡೆಗಡ್ಡೆಯಾಗಿ ಹೋಗುತ್ತದೆ. ಅದು ರಕ್ತ ಕಟ್ಟಿದ ಲಕ್ಷಣ. ನಾಲ್ಕನೆಯವರಿಗೆ ಉರಿ, ಹಳದಿ ಬಣ್ಣದ ವಾಸನೆಯ ಸ್ರಾವ. ಅದಕ್ಕೆ ತೇವ ಮತ್ತು ಉಷ್ಣ ಸೇರಿದ ದೋಷವೆನ್ನುತ್ತಾರೆ. ಐದನೆಯವರು ಮುಟ್ಟು ನಿಂತವರೋ ಹಾಲೂಡಿಸುವ ಬಾಣಂತಿಯೋ ಆಗಿದ್ದು, ಅವರ ತೊಂದರೆ ಶುಷ್ಕತೆ. ಇದು ಎರಡನೆಯ ಸೂತ್ರದ, ಅಂದರೆ ಪೋಷಣೆ ಸಾಲದ ನೋವು.

ಇಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಒಂದು ವಿಚಾರ ಗಮನಿಸಬೇಕು. ಚೀನೀ ವೈದ್ಯದ ‘ಯಕೃತ್ತು’ ನೀವು ಜೀವಶಾಸ್ತ್ರದ ಪುಸ್ತಕದಲ್ಲಿ ಚಿತ್ರ ಬರೆದು ಹೆಸರು ಗುರುತಿಸಿದ ಯಕೃತ್ತಿಗೆ ಸಮನಲ್ಲ. ಅದು ಅನೇಕ ಕೆಲಸಗಳ ಒಂದು ಗುಂಪಿನ ಹೆಸರು. ಕೋಪ, ಅದುಮಿಟ್ಟ ದುಃಖ, ಮುಟ್ಟಿನ ಕ್ರಮ, ಸ್ನಾಯುಗಳ ಬಿಗಿತ ಇವೆಲ್ಲ ಆ ಹೆಸರಿನ ಕೆಳಗೆ ಬರುತ್ತವೆ. ಯಕೃತ್ತಿನದೆಂದು ಹೇಳುವ ಕಾಲುವೆ ಕಾಲ ಹೆಬ್ಬೆರಳಿನಿಂದ ಹೊರಟು, ತೊಡೆಯ ಒಳಬದಿಯಲ್ಲಿ ಏರಿ, ಜನನಾಂಗವನ್ನು ಸುತ್ತಿ ಮೇಲೆ ಹೋಗುತ್ತದೆ ಎಂಬುದು ಅವರ ನಕ್ಷೆ. ದೇಹ ಕೊಯ್ದು ನೋಡಿದರೆ ಅಂಥ ಕಾಲುವೆ ಸಿಗುವುದಿಲ್ಲ. ಆದರೆ ಮನಸ್ಸಿನ ಒತ್ತಡಕ್ಕೂ ಈ ಭಾಗದ ನೋವಿಗೂ ನಂಟಿದೆ ಎಂದು ಅವರು ಕಂಡುಕೊಂಡದ್ದು ಆ ನಕ್ಷೆಯಲ್ಲಿ ದಾಖಲಾಗಿದೆ.

ಇನ್ನು ಇತಿಹಾಸಕ್ಕೆ ಬರೋಣ. ಕ್ರಿ.ಶ. 610ರಲ್ಲಿ ಚಾವ್ ಯುವಾನ್‌ಫಾಂಗ್ ಎಂಬ ವೈದ್ಯ ರೋಗಗಳ ಕಾರಣಗಳನ್ನೂ ಲಕ್ಷಣಗಳನ್ನೂ ಕುರಿತು ದೊಡ್ಡ ಗ್ರಂಥವೊಂದನ್ನು ಸಿದ್ಧಪಡಿಸಿದರು. ಹೆಂಗಸರ ರೋಗಗಳ ಭಾಗದಲ್ಲಿ ಜನನಾಂಗದ ನೋವಿಗೆ ಅವರು ಬೇರೆಯೇ ಒಂದು ಶೀರ್ಷಿಕೆ ಕೊಟ್ಟಿದ್ದಾರೆ. ಅದಾಗಿ ಸುಮಾರು 40 ವರ್ಷಗಳಿಗೆ, 652ರ ಆಸುಪಾಸಿನಲ್ಲಿ, ಟಾಂಗ್ ರಾಜವಂಶದ ಕಾಲದ ಪ್ರಸಿದ್ಧ ವೈದ್ಯ ಸುನ್ ಸಿಮಿಯಾವ್ ಅವರ 30 ಸಂಪುಟಗಳ ಔಷಧ ಗ್ರಂಥ ಬಂತು. ಸಾವಿರ ಚಿನ್ನದ ನಾಣ್ಯಕ್ಕಿಂತ ಒಂದು ಜೀವ ಹೆಚ್ಚು ಬೆಲೆಯುಳ್ಳದ್ದು ಎಂಬ ಅಭಿಪ್ರಾಯದಿಂದ ಅದಕ್ಕೆ ಸಾವಿರ ಚಿನ್ನದ ಹೆಸರು. ಅದರ ಮೊದಲ ಸಂಪುಟದಲ್ಲಿ ವೈದ್ಯನ ನಡತೆ ಮತ್ತು ಸಾಮಾನ್ಯ ತತ್ವಗಳಿವೆ. ರೋಗಗಳ ಚಿಕಿತ್ಸೆ ಶುರುವಾಗುವುದೇ ಹೆಂಗಸರ ರೋಗಗಳಿಂದ. ಎರಡು, ಮೂರು, ನಾಲ್ಕನೆಯ ಸಂಪುಟಗಳು ಅವುಗಳಿಗೇ ಮೀಸಲು.

ಅಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಮದ್ದುಗಳೂ ಇವೆ. ಹೊಸದಾಗಿ ಮದುವೆಯಾದ ಹೆಣ್ಣಿಗೆ ಸಂಪರ್ಕದಿಂದ ದಿನಗಟ್ಟಲೆ ಉಳಿಯುವ ನೋವಿಗೆ ಆ ಗ್ರಂಥ ಬಳಸುವ ಶಬ್ದದ ಅರ್ಥ ‘ಮದುವೆಯ ನೋವು’ ಎಂದು. ಅದಕ್ಕೆ ಹೇಳಿರುವ ಒಂದು ಕಷಾಯದಲ್ಲಿ ನಾಲ್ಕೇ ವಸ್ತುಗಳು: ಅತಿಮಧುರ, ಪಿಯೋನಿ ಎಂಬ ಹೂಗಿಡದ ಬೇರು, ಹಸಿಶುಂಠಿ ಮತ್ತು ದಾಲ್ಚಿನ್ನಿ ಜಾತಿಯ ತೊಗಟೆ. ಇವನ್ನು ಮದ್ಯದಲ್ಲಿ ಕುದಿಸಿ ಕುಡಿಯಬೇಕು. ಪಿಯೋನಿ ಬೇರು ಮತ್ತು ಅತಿಮಧುರದ ಜೋಡಿಯನ್ನು ಸ್ನಾಯು ಸೆಳೆತಕ್ಕೆ ಜಪಾನ್ ದೇಶದ ವೈದ್ಯರು ಈಗಲೂ ಬಳಸುತ್ತಾರೆ. ಹೆಸರುಗಳು ಅಡುಗೆಮನೆಯವು ಎಂದು ಮನೆಯಲ್ಲಿ ಪ್ರಯೋಗ ಮಾಡಲು ಹೋಗಬೇಡಿ. ಅತಿಮಧುರ ಹೆಚ್ಚಾದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ರಕ್ತದೊತ್ತಡ ಏರುತ್ತದೆ.

ಆ ಕಷಾಯ ಗುಣ ಕೊಟ್ಟಿತೋ ಇಲ್ಲವೋ ಎನ್ನುವುದಕ್ಕಿಂತ ದೊಡ್ಡ ಸಂಗತಿ ಬೇರೆ ಇದೆ. ಸುಮಾರು 1370 ವರ್ಷಗಳ ಹಿಂದೆ ಒಬ್ಬ ವೈದ್ಯ ಈ ನೋವನ್ನು ಹೆಣ್ಣಿನ ಹಣೆಬರಹವೆಂದು ಬಿಟ್ಟುಬಿಡಲಿಲ್ಲ. ಜ್ವರ, ಕೆಮ್ಮು, ಬೇಧಿಗಳ ಹಾಗೆಯೇ ಇದನ್ನೂ ಚಿಕಿತ್ಸೆ ಬೇಕಾದ ಕಾಯಿಲೆಯೆಂದು ಬರೆದಿಟ್ಟರು. 1237ರಲ್ಲಿ ಚೆನ್ ಝಿಮಿಂಗ್ ಎಂಬ ವೈದ್ಯರು ಹೆಂಗಸರ ರೋಗಗಳಿಗೇ ಮೀಸಲಾದ ವಿಸ್ತಾರವಾದ ಗ್ರಂಥ ಬರೆಯುವ ಹೊತ್ತಿಗೆ ಸ್ತ್ರೀರೋಗ ಚಿಕಿತ್ಸೆ ಚೀನಾದಲ್ಲಿ ಒಂದು ಪ್ರತ್ಯೇಕ ಶಾಖೆಯಾಗಿ ಬೆಳೆದಿತ್ತು.

ಪುಸ್ತಕದಲ್ಲಿ ಮದ್ದು ಇದ್ದ ಮಾತ್ರಕ್ಕೆ ಮನೆಯಲ್ಲಿದ್ದ ಹೆಣ್ಣಿಗೆ ಅದು ಸಿಕ್ಕಿತೆಂದು ಹೇಳಲಾಗುವುದಿಲ್ಲ. ಚೀನೀ ವೈದ್ಯರು ರೋಗಿಯನ್ನು ಪರೀಕ್ಷಿಸುವ ದಾರಿ ನಾಲ್ಕು. ಮೊದಲನೆಯದು ನೋಡುವುದು: ಮುಖದ ಬಣ್ಣ, ನಾಲಿಗೆ. ಎರಡನೆಯದು ಧ್ವನಿ ಆಲಿಸುವುದು, ವಾಸನೆ ಗ್ರಹಿಸುವುದು. ಮೂರನೆಯದು ಪ್ರಶ್ನೆ ಕೇಳುವುದು. ನಾಲ್ಕನೆಯದು ಮುಟ್ಟುವುದು, ಮುಖ್ಯವಾಗಿ ನಾಡಿ ಹಿಡಿಯುವುದು. 1116ರಲ್ಲಿ ಕೌ ಝೋಂಗ್‌ಶಿ ಎಂಬುವರು ತಮ್ಮ ಮೂಲಿಕೆ ಗ್ರಂಥದಲ್ಲಿ ಶ್ರೀಮಂತರ ಮನೆಗಳ ಬಗ್ಗೆ ಒಂದು ದೂರು ಬರೆದಿದ್ದಾರೆ. ಹೆಂಗಸರು ಒಳಕೋಣೆಯಲ್ಲಿ ಪರದೆಯ ಹಿಂದೆ ಇರುತ್ತಾರೆ. ಚಾಚಿದ ಕೈಯ ಮೇಲೂ ರೇಷ್ಮೆ ಬಟ್ಟೆ ಹೊದಿಸಿರುತ್ತಾರೆ. ಮುಖ ನೋಡುವಂತಿಲ್ಲ, ನಾಡಿಯನ್ನು ಸರಿಯಾಗಿ ಹಿಡಿಯುವಂತಿಲ್ಲ. ನಾಲ್ಕು ದಾರಿಗಳಲ್ಲಿ ಎರಡು ಅಲ್ಲಿಗೆ ಮುಚ್ಚಿದವು. ಉಳಿದದ್ದು ಮಾತು. ವೈದ್ಯ ಹೆಚ್ಚು ಪ್ರಶ್ನೆ ಕೇಳಿದರೆ ಈತನಿಗೆ ವಿದ್ಯೆ ಸಾಲದು ಎಂದು ಮನೆಯವರು ಅನುಮಾನಿಸಿ, ಕೊಟ್ಟ ಮದ್ದನ್ನೂ ಕುಡಿಯಲು ಒಪ್ಪುತ್ತಿರಲಿಲ್ಲ ಎಂಬುದು ಅವರ ಅಳಲು.

ದಂತದಲ್ಲಿ ಕೆತ್ತಿದ ಪುಟ್ಟ ಹೆಣ್ಣು ಗೊಂಬೆಗಳನ್ನು ನಿಮ್ಮಲ್ಲಿ ಕೆಲವರು ಚಿತ್ರದಲ್ಲಿ ನೋಡಿರಬಹುದು. ನೋವಿರುವ ಜಾಗವನ್ನು ಹೆಂಗಸರು ಈ ಗೊಂಬೆಯ ಮೇಲೆ ಬೊಟ್ಟಿಟ್ಟು ವೈದ್ಯರಿಗೆ ತೋರಿಸುತ್ತಿದ್ದರು ಎಂಬ ಕಥೆ ಜಗತ್ತಿನ ತುಂಬ ಪ್ರಚಾರದಲ್ಲಿದೆ. ಅವುಗಳಲ್ಲಿ ಹೆಚ್ಚಿನವು ವಿದೇಶೀಯರಿಗೆ ಮಾರಲು ಮಾಡಿದ ಅಲಂಕಾರದ ವಸ್ತುಗಳಿರಬಹುದೆಂದು ಇತಿಹಾಸಕಾರರು ಶಂಕಿಸಿದ್ದಾರೆ. ಗೊಂಬೆಯ ಕಥೆ ಬಿಟ್ಟರೂ ಪರದೆಯ ಸಂಗತಿ ಉಳಿಯುತ್ತದೆ, ಏಕೆಂದರೆ ಅದನ್ನು ಅನುಭವಿಸಿದ ವೈದ್ಯನೇ ಬರೆದಿಟ್ಟಿದ್ದಾನೆ.

ಆ ಪರದೆಯನ್ನು ದಾಟಿ ಒಳಗೆ ಹೋದವರೂ ಇದ್ದರು. ತಾನ್ ಯುನ್‌ಶಿಯಾನ್ ಎಂಬ ವೈದ್ಯೆ 1461ರಲ್ಲಿ ಹುಟ್ಟಿದವರು. ಅಜ್ಜಿಯಿಂದ ವೈದ್ಯ ಕಲಿತರು. ತಮ್ಮ ಐವತ್ತನೆಯ ವಯಸ್ಸಿನ ಸುಮಾರಿಗೆ, ತಾವು ಚಿಕಿತ್ಸೆ ಕೊಟ್ಟ 31 ಪ್ರಕರಣಗಳನ್ನು ಒಂದು ಸಣ್ಣ ಪುಸ್ತಕವಾಗಿ ಬರೆದರು. ರೋಗಿಗಳೆಲ್ಲ ಹೆಂಗಸರು. 1511ರಲ್ಲಿ ಅದು ಮುದ್ರಣವಾದಾಗ ಮರದ ಅಚ್ಚುಗಳನ್ನು ಸಿದ್ಧಪಡಿಸಿಕೊಟ್ಟವರು ಅವರ ಮಗ. ಆ ಪುಸ್ತಕದ ವಿಶೇಷ ಏನೆಂದರೆ, ರೋಗದ ಜೊತೆಗೆ ರೋಗಿಯ ಬದುಕೂ ಅಲ್ಲಿ ಬರುತ್ತದೆ. ಮೈಮುರಿದು ದುಡಿಯುವವರು, ಪದೇ ಪದೇ ಗರ್ಭಪಾತವಾದವರು, ಮನೆಯ ಜಗಳದಿಂದ ಕುಗ್ಗಿದವರು ಅಲ್ಲಿದ್ದಾರೆ. ಗಂಡಸು ವೈದ್ಯರಿಗೆ ಹೇಳದ ಮಾತನ್ನು ಆ ಹೆಂಗಸರು ಈಕೆಗೆ ಹೇಳಿದರು. ಆಕೆ ಕೇಳಿದರು, ಬರೆದುಕೊಂಡರು.

ಆರೋಗ್ಯ ಕಾರ್ಯಕ್ರಮಗಳನ್ನು ನಿರ್ಮಿಸುವ ನಮಗೂ ಈ ಪರದೆ ಗೊತ್ತು. ವೀಕ್ಷಕರು ಡಾಕ್ಟರಿಗೆ ಬರೆಯುವ ಪತ್ರಗಳಲ್ಲಿ ಮಂಡಿನೋವು, ಸಕ್ಕರೆ ಕಾಯಿಲೆ ಎಂದಾಗ ಹೆಸರು, ವಿಳಾಸ, ವಯಸ್ಸು ಎಲ್ಲ ಇರುತ್ತವೆ. ಈ ನೋವಿನ ಪತ್ರಗಳಲ್ಲಿ ಹೆಸರಿರುವುದಿಲ್ಲ. ಪ್ರಶ್ನೆಯೂ ‘ನನ್ನ ಗೆಳತಿಯೊಬ್ಬಳಿಗೆ’ ಎಂದು ಶುರುವಾಗುತ್ತದೆ. ಎಷ್ಟು ದಿನದಿಂದ ಎಂಬಲ್ಲಿ ‘ಮದುವೆಯಾದಾಗಿನಿಂದ’ ಎಂದು ಇರುತ್ತದೆ. ಯಾರಿಗೆ ಹೇಳಿದ್ದೀರಿ ಎಂಬುದಕ್ಕೆ ಉತ್ತರವೇ ಇರುವುದಿಲ್ಲ.

ಈಗ ಆಧುನಿಕ ವೈದ್ಯಶಾಸ್ತ್ರ ಏನು ಹೇಳುತ್ತದೆ ನೋಡೋಣ. ಈ ನೋವಿಗೆ ಹಲವು ಕಾರಣಗಳಿವೆ. ಸೋಂಕು ಒಂದು ಕಾರಣ. ಹೆರಿಗೆಯ ಗಾಯ ಸರಿಯಾಗಿ ಮಾಯದಿರುವುದು ಇನ್ನೊಂದು. ಮುಟ್ಟು ನಿಂತ ಮೇಲೆ ಅಥವಾ ಹಾಲೂಡಿಸುವಾಗ ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾಗಿ ಒಳಚರ್ಮ ಒಣಗುತ್ತದೆ. ಕೆಲವರಲ್ಲಿ ಹೆದರಿಕೆಯಿಂದಲೋ ಹಿಂದಿನ ಕಹಿ ಅನುಭವದಿಂದಲೋ ಕಿಬ್ಬೊಟ್ಟೆಯ ತಳದ ಸ್ನಾಯುಗಳು ತಮ್ಮಷ್ಟಕ್ಕೇ ಬಿಗಿದುಕೊಳ್ಳುತ್ತವೆ. ಇದನ್ನು ವ್ಯಾಜಿನಿಸ್ಮಸ್ ಎಂದು ಕರೆಯುವುದು ವಾಡಿಕೆ. ನೋವು, ಹೆದರಿಕೆ, ಬಿಗಿತ ಮೂರೂ ಒಂದನ್ನೊಂದು ಬೆಳೆಸುವುದರಿಂದ ಅಮೆರಿಕದ ಮನೋವೈದ್ಯರ ರೋಗಪಟ್ಟಿ 2013ರಲ್ಲಿ ಇವನ್ನು ಒಂದೇ ತೊಂದರೆಯ ಹೆಸರಿನಡಿ ಸೇರಿಸಿತು. ಉಸಿರಾಟದ ಅಭ್ಯಾಸ, ಸ್ನಾಯು ಸಡಿಲಿಸುವ ವ್ಯಾಯಾಮ, ಆಪ್ತಸಲಹೆ ಇವುಗಳಿಂದ ಬಹಳ ಮಂದಿಗೆ ಪರಿಹಾರ ಸಿಗುತ್ತದೆ.

ಇನ್ನೊಂದು ಮುಖ್ಯ ಕಾರಣ ಎಂಡೋಮೆಟ್ರಿಯೋಸಿಸ್. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ರೋಗ ಇದು. ಮಗು ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು ನೂರಕ್ಕೆ 10 ಮಂದಿಗೆ, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಮಂದಿಗೆ ಇದು ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ವಿದ್ಯಾರ್ಥಿನಿಯರು ಇದನ್ನು ನೆನಪಿಡಬೇಕು. ಈ ರೋಗ ಮೊದಲು ತಲೆ ಎತ್ತುವುದು ಸಾಮಾನ್ಯವಾಗಿ ಮುಟ್ಟಿನ ನೋವಿನ ರೂಪದಲ್ಲಿ, ಅದೂ ಹರೆಯದಲ್ಲೇ. ತರಗತಿ ತಪ್ಪಿಸುವಷ್ಟು, ವಾಂತಿ ಬರುವಷ್ಟು ಮುಟ್ಟಿನ ನೋವು ಪ್ರತಿ ತಿಂಗಳೂ ಬರುತ್ತಿದ್ದರೆ ‘ಎಲ್ಲರಿಗೂ ಇದ್ದದ್ದೇ’ ಎಂದು ಸುಮ್ಮನಾಗದೆ ಡಾಕ್ಟರಿಗೆ ತೋರಿಸಬೇಕು. ಆ ಸಮಾಧಾನದ ಮಾತನ್ನು ನಂಬಿ ಕುಳಿತವರಿಗೆ ರೋಗದ ಹೆಸರು ತಿಳಿಯುವುದಕ್ಕೇ ಹಲವು ವರ್ಷ ಹಿಡಿಯುತ್ತದೆ.

ಚೀನೀ ವೈದ್ಯದ ಐದು ಬಗೆಗಳನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಉರಿ ಮತ್ತು ಸ್ರಾವ ಸೋಂಕನ್ನು ನೆನಪಿಸುತ್ತದೆ. ಶುಷ್ಕತೆ ಹಾರ್ಮೋನಿನ ಕೊರತೆಯನ್ನು, ಬೇಸರ ಮತ್ತು ಬಿಗಿತ ಸ್ನಾಯುಗಳ ತೊಂದರೆಯನ್ನು ನೆನಪಿಸುತ್ತವೆ. ಬರಿಗಣ್ಣು, ಕಿವಿ ಮತ್ತು ಬೆರಳು ಬಿಟ್ಟರೆ ಬೇರೆ ಉಪಕರಣವಿಲ್ಲದ ಕಾಲದಲ್ಲಿ ಅವರು ಎಷ್ಟು ಎಚ್ಚರದಿಂದ ಗಮನಿಸಿದ್ದಾರೆ ಎಂಬುದು ಇದರಿಂದ ತಿಳಿಯುತ್ತದೆ. ಆದರೆ ಎರಡು ಪಟ್ಟಿಗಳನ್ನು ಗೆರೆ ಎಳೆದು ಹೊಂದಿಸಿಬಿಡುವಂತಿಲ್ಲ. ‘ರಕ್ತ ಕಟ್ಟಿದೆ’ ಎಂದು ಹೇಳಿದ ಮಾತ್ರಕ್ಕೆ ಎಂಡೋಮೆಟ್ರಿಯೋಸಿಸ್ ಪತ್ತೆಯಾದಂತಲ್ಲ. ಲಕ್ಷಣ ಗಮನಿಸುವುದು ಒಂದು ಹಂತ, ಕಾರಣ ಸಾಬೀತುಪಡಿಸುವುದು ಇನ್ನೊಂದು ಹಂತ.

ಚಿಕಿತ್ಸೆಗೂ ಇದೇ ಮಾತು. ಅಕ್ಯುಪಂಕ್ಚರ್ ಸೂಜಿಯಿಂದ ನೋವು ತಗ್ಗುತ್ತದೆಯೇ ಎಂದು ಪರೀಕ್ಷಿಸುವಾಗ ಸಂಶೋಧಕರು ಕೆಲವರಿಗೆ ನಿಜವಾದ ಸೂಜಿ, ಕೆಲವರಿಗೆ ಹುಸಿ ಸೂಜಿ ಬಳಸುತ್ತಾರೆ. ಅನೇಕ ಬಗೆಯ ನೋವುಗಳ ಪರೀಕ್ಷೆಗಳಲ್ಲಿ ಎರಡು ಗುಂಪಿಗೂ ಉಪಶಮನ ಕಂಡಿದೆ, ನಡುವಿನ ವ್ಯತ್ಯಾಸ ಸಣ್ಣದು. ನಾವು ಹೇಳುತ್ತಿರುವ ನೋವಿನ ಮೇಲೆ ನಡೆದ ಪರೀಕ್ಷೆಗಳು ಕಡಿಮೆ, ಅವುಗಳಲ್ಲಿ ಭಾಗವಹಿಸಿದವರೂ ಕಡಿಮೆ. ಹಾಗಾಗಿ ಖಾತ್ರಿಯ ಭರವಸೆ ಕೊಡುವ ಜಾಹೀರಾತುಗಳನ್ನು ನಂಬಬಾರದು.

ಮೂಲಿಕೆಯಾದ್ದರಿಂದ ಅಪಾಯವಿಲ್ಲ ಎಂಬ ನಂಬಿಕೆಗೂ ಒಂದು ಪಾಠ ಇದೇ ಕ್ಷೇತ್ರದಲ್ಲಿದೆ. ಯಕೃತ್ತಿನ ಕಾಲುವೆಯ ತೇವ ಮತ್ತು ಉಷ್ಣ ಇಳಿಸಲು, ಜನನಾಂಗದ ಉರಿ ಮತ್ತು ನೋವಿಗೂ, ಚೀನಾದಲ್ಲಿ ಬಹಳ ಬಳಕೆಯಲ್ಲಿರುವ ಗುಳಿಗೆ ‘ಲೊಂಗ್‌ದಾನ್ ಶಿಯೆಗಾನ್’. ಅದಕ್ಕೆ ‘ಮುತೊಂಗ್’ ಎಂಬ ಬಳ್ಳಿ ಸೇರಬೇಕು. ಕಾಲಕ್ರಮದಲ್ಲಿ ಆ ಜಾಗಕ್ಕೆ ‘ಗುವಾನ್ ಮುತೊಂಗ್’ ಎಂಬ ಬೇರೆ ಜಾತಿಯ ಬಳ್ಳಿ ಬಂದುಬಿಟ್ಟಿತು. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಕೆಡಿಸುತ್ತದೆ, ಮೂತ್ರನಾಳದ ಕ್ಯಾನ್ಸರಿಗೂ ಕಾರಣವಾಗುತ್ತದೆ. ಇದೇ ಆಮ್ಲವಿದ್ದ ಬೇರೊಂದು ಮೂಲಿಕೆಯನ್ನು ತೂಕ ಇಳಿಸುವ ಮದ್ದಿನಲ್ಲಿ ಸೇವಿಸಿದ ಬೆಲ್ಜಿಯಂ ದೇಶದ ಹೆಂಗಸರಲ್ಲಿ ಮೂತ್ರಪಿಂಡ ಸೋತದ್ದನ್ನು ಅಲ್ಲಿನ ವೈದ್ಯರು 1993ರಲ್ಲಿ ವರದಿ ಮಾಡಿದರು. 2003ರಲ್ಲಿ ಚೀನಾ ಸರ್ಕಾರ ಗುವಾನ್ ಮುತೊಂಗ್ ಬಳಕೆಯನ್ನು ನಿಲ್ಲಿಸಿತು. ನಮ್ಮಲ್ಲಿ ಹಾವಿನ ಕಡಿತಕ್ಕೆ ಮದ್ದೆಂದು ಹೆಸರಾದ ಈಶ್ವರಿ ಬಳ್ಳಿಯೂ ಇದೇ ಕುಲಕ್ಕೆ ಸೇರಿದ್ದು ಎಂಬುದನ್ನು ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಗುರುತು ಹಾಕಿಕೊಳ್ಳಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ 2022ರ ಜನವರಿಯಿಂದ ಜಾರಿಗೆ ಬಂತು. ಅದರಲ್ಲಿ ಚೀನೀ ಮೂಲದ ಸಾಂಪ್ರದಾಯಿಕ ವೈದ್ಯದ ರೋಗಲಕ್ಷಣಗಳಿಗೂ ಒಂದು ಅಧ್ಯಾಯವಿದೆ. ಲೆಕ್ಕ ಇಡುವುದಕ್ಕೆ ಅನುಕೂಲವಾಗಲಿ ಎಂದು ಮಾಡಿದ ಏರ್ಪಾಡು ಅದು. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮದ್ದು ಪರೀಕ್ಷೆಯಲ್ಲಿ ತೇರ್ಗಡೆಯಾದಂತೆ ಆಗುವುದಿಲ್ಲ.

ಹಾಗಾದರೆ ಈ ಪದ್ಧತಿಯಿಂದ ನಾವು ಧೈರ್ಯವಾಗಿ ಉಳಿಸಿಕೊಳ್ಳಬಹುದಾದ್ದು ಏನು? ನಾಲ್ಕು ದಾರಿಗಳಲ್ಲಿ ಮೂರನೆಯದು: ಪ್ರಶ್ನೆ. ತಮ್ಮ ಗ್ರಂಥದಲ್ಲಿ ಝಾಂಗ್ ಜಿಯೆಬಿನ್ ಎಂಬ ವೈದ್ಯರು ರೋಗಿಗೆ ಕೇಳಲೇಬೇಕಾದ ಹತ್ತು ಪ್ರಶ್ನೆಗಳನ್ನು ಬಾಯಿಪಾಠ ಮಾಡಲು ಬರುವಂತೆ ಹೊಂದಿಸಿಕೊಟ್ಟರು. ಚಳಿಯೋ ಸೆಕೆಯೋ, ಬೆವರು ಹೇಗೆ, ಊಟ ಹೇಗೆ ಎಂದು ಅದು ಸಾಗುತ್ತದೆ. ಹೆಂಗಸರಿಗೆ ಮುಟ್ಟಿನ ವಿಚಾರ ಕೇಳಲೇಬೇಕೆಂದು ಮುಂದೆ ಬಂದವರು ಸೇರಿಸಿದರು. ಇಂದಿಗೂ ಚೀನೀ ವೈದ್ಯ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಅದನ್ನು ಕಲಿಯುತ್ತಾರೆ. ಎಷ್ಟೋ ಮಂದಿಗೆ ಅರ್ಧ ಗುಣವಾಗುವುದು ಬಹುಶಃ ಯಾರಾದರೂ ಕುಳಿತು ಹೀಗೆ ಕೇಳಿದಾಗಲೇ.

ಕೇಳುವ ಡಾಕ್ಟರು ಸಿಕ್ಕಾಗ ಉತ್ತರ ಸಿದ್ಧವಿರಲಿ. ನೋವು ಹೊರಭಾಗದಲ್ಲೋ ಒಳಗಡೆ ಆಳದಲ್ಲೋ, ಉರಿಯೋ ಹಿಂಡುವುದೋ, ಮೊದಲಿನಿಂದಲೂ ಇತ್ತೋ ಈಚೆಗೆ ಶುರುವಾಯಿತೋ, ಮುಟ್ಟಿನ ದಿನಗಳಲ್ಲಿ ಹೇಗೆ, ಸ್ರಾವವಿದೆಯೋ, ಮನಸ್ಸಿಗೆ ಹೆದರಿಕೆಯಿದೆಯೋ ಎಂಬ ಆರು ಸಂಗತಿ ಹೇಳಿದರೆ ಡಾಕ್ಟರಿಗೆ ಅರ್ಧ ದಾರಿ ತೆರೆದಂತೆ. ಬಾಯಲ್ಲಿ ಹೇಳಲಾಗದಿದ್ದರೆ ಚೀಟಿಯಲ್ಲಿ ಬರೆದು ಕೊಡಿ.

ಹುಡುಗರಿಗೂ ಒಂದು ಮಾತು. ಪ್ರಶ್ನೆ ಕೇಳುವ ಹೊಣೆ ವೈದ್ಯರಿಗಷ್ಟೇ ಸೇರಿದ್ದಲ್ಲ. ನಾಳೆ ನಿಮ್ಮ ಬಾಳಿಗೆ ಬರುವವಳು ನೋವು ಎಂದರೆ ಅಲ್ಲಿಗೆ ನಿಲ್ಲಬೇಕು. ‘ಸಹಿಸಿಕೋ, ಸರಿಹೋಗುತ್ತದೆ’ ಎನ್ನುವುದು ಚಿಕಿತ್ಸೆಯಲ್ಲ. ಅವಳು ಏನೂ ಹೇಳದಿದ್ದರೂ ‘ನೋವಾಗುತ್ತಿದೆಯೇ’ ಎಂದು ಕೇಳುವುದು ನಿಮ್ಮ ಕೆಲಸ. ಹೌದೆಂದರೆ ಜೊತೆಯಲ್ಲೇ ಆಸ್ಪತ್ರೆಗೆ ಹೋಗಿ, ಹೊರಗೆ ಬೆಂಚಿನ ಮೇಲೆ ಕುಳಿತಿದ್ದು, ಡಾಕ್ಟರು ಕರೆದಾಗ ಒಳಗೆ ಹೋಗಿ.